ಎತ್ತಬೇಡಿ, ಎಣಿಸಿ

ನಮ್ಮ ಮನೆಗೆ ಹೊಸದಾಗಿ ಬಂದವರಿಗೆ ಗಾಬರಿಯಾಗುವುದು ನಾಯಿಯಿಂದಲ್ಲ, ಫೋನಿನಿಂದ. ಅದು ಬಡಿದುಕೊಳ್ಳುತ್ತಿರುತ್ತದೆ. ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ, ಎತ್ತುವುದಿಲ್ಲ. ಹೆಬ್ಬೆರಳನ್ನು ಕಿರುಬೆರಳಿನ ಗೆಣ್ಣಿಗೆ ಒತ್ತಿ, ಒಂದೊಂದೇ ಗೆಣ್ಣು ದಾಟಿಸುತ್ತಾ ತುಟಿ ಅಲ್ಲಾಡಿಸುತ್ತಾಳೆ. ಪಾಪ, ಜಪಕ್ಕೆ ಕೂತಿದ್ದಾರೆ ಅಂದುಕೊಂಡು ಬಂದವರು ತಾವೇ ಎತ್ತಲು ಕೈಚಾಚಿದರೆ ಅಮ್ಮ ಕಣ್ಣಲ್ಲೇ ಸುಟ್ಟುಬಿಡುತ್ತಾಳೆ. ಅದು ಜಪವಲ್ಲ ಸ್ವಾಮಿ, ಎಣಿಕೆ.

ನೀವು ಎಂದಾದರೂ ನನಗೆ ಫೋನು ಮಾಡಿ, ನಾನು ಎತ್ತದೆ ಹೋಗಿದ್ದರೆ ಕೋಪ ಮಾಡಿಕೊಳ್ಳಬೇಡಿ. ಕೊಬ್ಬಿನಿಂದಲ್ಲ, ಅದು ನನಗೆ ತಾಯಿಯ ಕಡೆಯಿಂದ ಬಂದ ಕಾಯಿಲೆ. ಅದರ ಮೂಲಪುರುಷ ನನ್ನ ಸೋದರಮಾವ ಮುನೆಪ್ಪ.

ಮುನೆಪ್ಪ ಮಾವ ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಬೆಲ್ಲು ಹೊಡೆಯುವ ಕೆಲಸದಲ್ಲಿದ್ದ. ಜನರನ್ನು ಪಾತಾಳಕ್ಕೆ ಇಳಿಸುವ ಕಬ್ಬಿಣದ ಪಂಜರಕ್ಕೆ ಅಲ್ಲಿ ಕೇಜು ಅನ್ನುತ್ತಾರೆ. ಅದನ್ನು ಹಗ್ಗದಲ್ಲಿ ಇಳಿಸಿ ಏರಿಸುವ ಎಂಜಿನ್ನಿನವನು ದೂರದ ಕೋಣೆಯಲ್ಲಿ ಕೂತಿರುತ್ತಾನೆ. ಅವನಿಗೆ ಕೇಜೂ ಕಾಣುವುದಿಲ್ಲ, ಒಳಗಿರುವ ಮನುಷ್ಯರೂ ಕಾಣುವುದಿಲ್ಲ. ಅವನಿಗೆ ಗೊತ್ತಾಗುವುದು ಬೆಲ್ಲಿನ ಲೆಕ್ಕದಿಂದ ಮಾತ್ರ. ಒಂದು ಹೊಡೆದರೆ ನಿಲ್ಲಿಸು. ಎರಡು ಹೊಡೆದರೆ ಇಳಿಸು. ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ, ಮೆಲ್ಲಗೆ. ಹೊಡೆದ ಬೆಲ್ಲನ್ನು ಆ ಕಡೆಯವನು ಅಷ್ಟೇ ಸಲ ತಿರುಗಿ ಹೊಡೆದು ಒಪ್ಪಿಸಬೇಕು, ಆಮೇಲೆಯೇ ಕೇಜು ಅಲುಗುವುದು. ಒಂದು ಬೆಲ್ಲು ಹೆಚ್ಚುಕಡಿಮೆಯಾದರೆ ಎಷ್ಟು ಮನೆಗಳಲ್ಲಿ ಒಲೆ ಆರುತ್ತದೆ ಎಂದು ಮಾವ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಹೀಗೆ ಹೇಳಿಯೇ ಪಾಲಿಗಿಂತ ಎರಡು ಹೋಳು ಜಾಸ್ತಿ ಬಡಿಸಿಕೊಳ್ಳುತ್ತಿದ್ದ ಅನ್ನುವುದು ಬೇರೆ ಮಾತು.

ಬೇಸಿಗೆ ರಜೆಗೆ ನಾವು ಬಂಗಾರಪೇಟೆಯಿಂದ ಗಣಿಯವರು ಸಾಲಾಗಿ ಕಟ್ಟಿಸಿಕೊಟ್ಟಿದ್ದ ಮಾವನ ಲೈನ್ ಮನೆಗೆ ಹೋಗುತ್ತಿದ್ದೆವು. ಮನೆಯಲ್ಲೂ ಅವನದು ಬೆಲ್ಲಿನದೇ ಕಾರುಬಾರು. ಸ್ಟೀಲ್ ತಟ್ಟೆಗೆ ಚಮಚದಿಂದ ಒಂದು ಹೊಡೆದರೆ ಎಲ್ಲ ಕ್ಷೇಮ. ಎರಡು ಹೊಡೆದರೆ ನೀರು ತನ್ನಿ. ಮೂರು ಹೊಡೆದರೆ ಮನುಷ್ಯರು ಬರುತ್ತಿದ್ದಾರೆ, ಅಡುಗೆ ಹೆಚ್ಚಿಗೆ ಮಾಡಿ. ಐದು ಹೊಡೆದರೆ ಕೈಯಲ್ಲಿರುವುದನ್ನು ಅಲ್ಲೇ ಬಿಟ್ಟು ಓಡಿ ಬನ್ನಿ. ನಾಲ್ಕಕ್ಕೆ ಯಾಕೋ ಅರ್ಥವೇ ಇರಲಿಲ್ಲ. ನಾನು ಕೇಳಿದ್ದಕ್ಕೆ "ನಾಕು ಬೇಕಾಗ್ತದೆ, ಇರ್ಲಿ" ಅಂದಿದ್ದ. ಇಂದಿಗೂ ಬೇಕಾಗಿಲ್ಲ.

ಎಂಟು ವರ್ಷದವಳಿದ್ದಾಗ ನಾನು ಒಂದು ದಿನ ಸುಮ್ಮನೆ ಕೂರಲಾರದೆ ತಟ್ಟೆಗೆ ಐದು ಬಾರಿಸಿದೆ. ಅಮ್ಮ ಹಿತ್ತಲಿಂದ ಸೋಪಿನ ಕೈಯಲ್ಲೇ ಓಡಿಬಂದಳು. ಮಾವ ನಿದ್ದೆಯಿಂದೆದ್ದು ಲುಂಗಿಯನ್ನು ಒಂದು ಕೈಯಲ್ಲಿ ಹಿಡಿದು ಓಡಿಬಂದ. ಪಕ್ಕದ ಲೈನಿನವರೂ ಬಂದರು. ನಾನು ಹಲ್ಲು ಕಿರಿದೆ. ಆಮೇಲೆ ಬೆನ್ನ ಮೇಲೆ ಬಿದ್ದದ್ದನ್ನು ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಂದಿನಿಂದ ನಮ್ಮ ವಂಶದಲ್ಲಿ ಐದನ್ನು ಯಾರೂ ಹೊಡೆದಿಲ್ಲ.

ಗಣಿ ಮುಚ್ಚಿತು, ಬೆಲ್ಲು ನಿಂತಿತು. ಆದರೆ ಅಷ್ಟರಲ್ಲಿ ಎಲ್ಲರ ಕೈಗೂ ಫೋನು ಬಂತಲ್ಲ, ಮಾವನ ಬಾಳು ಮತ್ತೆ ಹಸಿರಾಯಿತು. ಮಿಸ್ಡ್ ಕಾಲ್ ಎಂಬುದನ್ನು ಕಂಡುಹಿಡಿದವರು ತನ್ನನ್ನು ನೋಡಿಯೇ ಕಂಡುಹಿಡಿದಿರಬೇಕು ಎಂದು ಅವನ ನಂಬಿಕೆ. ತಟ್ಟೆಯ ಲೆಕ್ಕ ಹಾಗೇ ಫೋನಿಗೆ ಬಂತು. ಮೂರು ರಿಂಗು ಬಂತೆಂದರೆ ಅಮ್ಮ ಮುದ್ದೆಯ ಎಸರಿಗೆ ಇನ್ನೆರಡು ಚೊಂಬು ನೀರು ಸುರಿಯುತ್ತಿದ್ದಳು; ಮುಂದಿನ ರೈಲಿಗೆ ಮಾವನ ಸವಾರಿ ಬಂದೇ ಬರುತ್ತಿತ್ತು.

ಇಷ್ಟು ಚೆನ್ನಾಗಿದ್ದ ಅಕ್ಕ ತಮ್ಮ ಹನ್ನೊಂದು ವರ್ಷ ಮಾತು ಬಿಟ್ಟರು. ಕಾರಣ, ಒಂದು ತೊಡೆ.

ನನಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ನನ್ನ ಮಗಳ ಕಿವಿ ಚುಚ್ಚುವಾಗ ತೊಡೆ ಕೊಡಬೇಕಾದ ಹಕ್ಕು ಮುನೆಪ್ಪ ಮಾವನದೇ. ಅವನು ಹೊಸ ಪಂಚೆ ತಗೊಂಡು, ಗರಿ ಮುರಿಯದೆ ಆ ದಿನಕ್ಕೆಂದೇ ಎತ್ತಿಟ್ಟಿದ್ದ. ಆ ದಿನ ರೈಲು ತಪ್ಪಿಸಿಕೊಂಡ. ಇತ್ತ ಚುಚ್ಚುವ ಆಚಾರಿಗೆ ಇನ್ನೆರಡು ಮನೆಗೆ ಹೋಗುವ ಅವಸರ, ಮಗು ಅರಚುತ್ತಿತ್ತು, ನೆಂಟರ ಹೊಟ್ಟೆ ಹಸಿದಿತ್ತು. ಅಮ್ಮ ಅರ್ಧ ಗಂಟೆ ಕಾದು, ಊಟಕ್ಕೆಂದೇ ಬಂದಿದ್ದ ನನ್ನ ಗಂಡನ ಕಡೆಯ ಒಬ್ಬ ನೆಂಟನನ್ನು ಹಿಡಿದು ಕೂರಿಸಿ, ಅವನ ತೊಡೆಯ ಮೇಲೆ ಮಗುವನ್ನಿಟ್ಟು ಕಿವಿ ಚುಚ್ಚಿಸಿಬಿಟ್ಟಳು. ಕೊನೆಯ ಚುಚ್ಚಿಗೂ ಮಾವ ಬಾಗಿಲಿಗೆ ಬಂದದ್ದಕ್ಕೂ ಸರಿಹೋಯಿತು. ಅವನು ಒಳಗೆ ನೋಡಿದ. ಬೇರೆಯವನ ತೊಡೆ ನೋಡಿದ. "ಆಯ್ತು ಬಿಡಕ್ಕ, ತಡವಾಗಿ ಬಂದೋನಿಗೆ ಇಲ್ಲೇನೈತೆ ಕೆಲ್ಸ" ಅಂದು, ಹೊಸ ಪಂಚೆಯಲ್ಲೇ ತಿರುಗಿ ಹೊರಟುಹೋದ.

ಅವನು ಬಂದು ಕರೆಯಲಿ ಎಂದು ಅಮ್ಮ. ಅವಳು ಬಂದು ಕರೆಯಲಿ ಎಂದು ಮಾವ. ಹಬ್ಬಗಳು ಹೋದವು, ಇಬ್ಬರ ತಲೆಯೂ ಬೆಳ್ಳಗಾಯಿತು. ಆದರೆ ತಮಾಷೆ ನೋಡಿ, ಮಾತು ಬಿಟ್ಟರೇ ಹೊರತು ಬೆಲ್ಲು ಬಿಡಲಿಲ್ಲ. ದಿನಾ ಸಂಜೆ ಏಳಕ್ಕೆ ಮಾವನ ಕಡೆಯಿಂದ ಒಂದು ರಿಂಗು: ಕ್ಷೇಮ. ಅಮ್ಮ ತಿರುಗಿ ಒಂದು: ಕ್ಷೇಮ. ಅಷ್ಟೇ. ಒಂದು ಸಂಜೆ ಅದು ಹತ್ತು ನಿಮಿಷ ತಡವಾದರೆ ಅಮ್ಮ ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಿದ್ದಳು. ಬಂದ ಮೇಲೆ, "ಬದ್ಕವ್ನೆ, ಕಳ್ಳ" ಅನ್ನುತ್ತಿದ್ದಳು. ಇಬ್ಬರಲ್ಲಿ ಒಬ್ಬರು ಹೀಗೇ ಹೊರಟುಹೋದರೆ ಉಳಿದವರು ಹೇಗೆ ಬದುಕುತ್ತಾರೆ ಎಂದು ನನಗೆ ಭಯವಾಗುತ್ತಿತ್ತು. ಕಿವಿ ಚುಚ್ಚಿಸಿದ್ದು ನನ್ನ ಮಗಳದು, ಹಾಗಾಗಿ ಪಾಪವೂ ನನ್ನದೇ ಅನ್ನಿಸುತ್ತಿತ್ತು.

ಈಗ ನನ್ನ ವಿದ್ಯಾಭ್ಯಾಸದ ಕಥೆಗೆ ಬರುತ್ತೇನೆ. ನಾನು ಬಂಗಾರಪೇಟೆಯ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಹೋದ ವರ್ಷ ಅಲ್ಲಿನ ಹಳೇ ಫೋನು ಕಿತ್ತು ಇಂಟರ್‌ನೆಟ್ಟಿನ ಮೇಲೆ ಮಾತಾಡುವ ಫೋನು ಹಾಕಿದರು. ಕಲಿಸಲು ಆಂಡರ್ಸನ್‌ಪೇಟೆಯಿಂದ ದೊರೈರಾಜು ಎಂಬವರು ಬಂದರು. ನಾನು ಹೊಸ ನೋಟ್‌ಬುಕ್ ತೆರೆದು, ಮೇಲೆ ಶ್ರೀ ಬರೆದು, ಮೊದಲ ಬೆಂಚಿನವಳಂತೆ ಕೂತೆ.

ಮೊದಲ ಪ್ರಯೋಗದಲ್ಲೇ ಮಾನ ಹೋಯಿತು. ರಿಸೀವರ್ ಎತ್ತಿ "ಹಲೋ" ಅಂದೆ. ಕೊಂಚ ಹೊತ್ತು ಬಿಟ್ಟು ಯಾರೋ ಹೆಂಗಸು "ಹಲೋ" ಅಂದಳು. "ನೀವು ಮೊದಲು ಹೇಳಿ" ಅಂದೆ. ಅವಳೂ "ನೀವು ಮೊದಲು ಹೇಳಿ" ಅಂದಳು. ಎಷ್ಟು ಮರ್ಯಾದಸ್ಥ ಹೆಂಗಸು ಎಂದು ಮೆಚ್ಚಿ "ಪರವಾಗಿಲ್ಲ ಮೇಡಂ, ನೀವೇ" ಅಂದೆ. ಅವಳೂ ಬಿಡಲಿಲ್ಲ. ಹೀಗೆ ನಾವಿಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಿದ್ದಾಗ ದೊರೈರಾಜು ತಲೆ ಚಚ್ಚಿಕೊಂಡರು. "ಐಯ್ಯೋ ಮೇಡಂ, ಅದು ನೀವೇ! ನಿಮ್ಮ ವಾಯ್ಸೇ ಸುತ್ತಾಡ್ಕೊಂಡು ವಾಪಸ್ ಬರ್ತಾ ಇದೆ!" ನನ್ನ ದನಿ ಅಷ್ಟು ಕೀಚಲು ಎಂದು ನನಗೆ ಅಂದೇ ತಿಳಿದದ್ದು.

ಆಮೇಲೆ ಪಾಠ. ನಮ್ಮ ಮಾತು ಇಡಿಯಾಗಿ ಹೋಗುವುದಿಲ್ಲ, ಸಣ್ಣ ಸಣ್ಣ ತುಂಡಾಗಿ ಹೋಗುತ್ತದೆ. ಒಂದೊಂದು ತುಂಡಿನ ಮೇಲೂ ನಂಬರು. ಯಾವ ತುಂಡು ಯಾವ ದಾರಿಯಲ್ಲಾದರೂ ಹೋಗಬಹುದು. ಆ ತುದಿಯಲ್ಲಿ ನಂಬರಿನ ಪ್ರಕಾರ ಜೋಡಿಸಿ ಮಾತು ಮಾಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ಸರಿಯಾಗಿ ಬರೆದುಕೊಂಡೆ. ಕೊನೆಗೆ ಪ್ರಶ್ನೆ ಇದೆಯಾ ಅಂದರು. ನನ್ನ ಬಾಯಿ ತಡೆಯಲಿಲ್ಲ.

"ಸರ್, ಇದರಲ್ಲಿ ಸರಿಯಾಗಿ ಎಣಿಸಿ ಮಿಸ್ಡ್ ಕಾಲ್ ಕೊಡೋದು ಹೇಗೆ?"

ಅವರು ಕನಿಕರದಿಂದ ನೋಡಿದರು. "ಆಗಲ್ಲ ಮೇಡಂ. ನಿಮ್ಮ ಕಿವೀಲಿ ಟ್ರಿಣ್ ಟ್ರಿಣ್ ಅಂತ ಕೇಳುತ್ತಲ್ಲ, ಅದು ಆ ಕಡೆಯ ರಿಂಗಲ್ಲ. ನಿಮಗೆ ಬೇಜಾರಾಗ್ದೆ ಇರ್ಲಿ ಅಂತ ನಿಮ್ಮ ಫೋನೇ ಹಾಡ್ತಾ ಇರುತ್ತೆ. ನಿಮಗೆ ಮೂರು ಕೇಳಿದ್ರೆ ಅಲ್ಲಿ ಒಂದು ಬಡಿದಿರಬಹುದು, ಐದೂ ಬಡಿದಿರಬಹುದು. ಪುರಿಂಜಿದಾ, ಅರ್ಥ ಆಯ್ತಾ?"

ಪುರಿಂಜಿತು. ಮುನೆಪ್ಪ ಮಾವನಿಗೆ ಇದು ತಿಳಿದರೆ ಎದೆ ಒಡೆದುಕೊಳ್ಳುತ್ತಾನೆ ಎಂಬುದೂ ಪುರಿಂಜಿತು.

ಅದೇ ತಿಂಗಳು ಚಾಂಪಿಯನ್ ರೀಫ್ಸಿನ ಆ ಲೈನುಗಳಲ್ಲಿ ಟವರಿನ ಸಿಗ್ನಲ್ಲು ಕೈಕೊಡತೊಡಗಿತು. ಏಳು ಗಂಟೆಯ ರಿಂಗು ಎರಡು ದಿನ ಬರಲಿಲ್ಲ. ಅಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಮಾವನ ಹೆಂಡತಿ ಕಣ್ಣಮ್ಮತ್ತೆಯನ್ನು ಹೋಗಿ ಕಂಡೆ. ತಮಿಳು ಮನೆಯ ಹೆಣ್ಣುಮಗಳಾದ ಆಕೆ ಧಾರಾವಾಹಿ ನೋಡಲೆಂದು ಮನೆಗೆ ಇಂಟರ್‌ನೆಟ್ಟು ಹಾಕಿಸಿಕೊಂಡಿದ್ದರು. ನಾನು ಅವರ ಫೋನಿನಲ್ಲೂ ಅಮ್ಮನ ಫೋನಿನಲ್ಲೂ ಇಂಟರ್‌ನೆಟ್ಟಿನ ಕರೆಯ ಏರ್ಪಾಡು ಮಾಡಿದೆ. ಹಳೇ ಕಾಲದ ಟ್ರಿಣ್ ಟ್ರಿಣ್ ಸದ್ದನ್ನೇ ಎರಡಕ್ಕೂ ಹಾಕಿದೆ. ಮಾವ ಗೋಡೆ ಕಡೆ ತಿರುಗಿ ಕೂತಿದ್ದವನು, ಎಲ್ಲ ಮುಗಿದ ಮೇಲೆ "ರಿಂಗು ಎಣ್ಸೋಕಾಯ್ತದಾ?" ಎಂದು ಗೋಡೆಯನ್ನು ಕೇಳಿದ. ನನಗೆ ನಿಜ ಹೇಳುವ ಧೈರ್ಯವಾಗದೆ ತಲೆಯಾಡಿಸಿದೆ.

ಆದರೆ ಅಮ್ಮನಿಗೆ ಪಾಠ ಮಾಡದೆ ಬಿಡಲಿಲ್ಲ. ನೋಟ್‌ಬುಕ್ ಹಿಡಿದು ಕೂರಿಸಿದೆ.

"ನಮ್ಮ ಮನೆಯವರೆಲ್ಲ ಒಂದು ಮದುವೆಗೆ ಹೋದ ಹಾಗೆ ಅಂದುಕೋ ಅಮ್ಮ. ಒಬ್ಬರು ರೈಲಲ್ಲಿ, ಒಬ್ಬರು ಬಸ್ಸಲ್ಲಿ, ಒಬ್ಬರು ಆಟೋದಲ್ಲಿ. ಛತ್ರದ ಬಾಗಿಲಲ್ಲಿ ಎಲ್ಲ ಸೇರಿ ಸಾಲಾಗಿ ಒಳಗೆ ಹೋಗಬೇಕು. ಮಾತಿನ ತುಂಡುಗಳೂ ಹಾಗೇ."

"ಒಬ್ರು ಬರೋದು ತಡ ಆದ್ರೆ?"

"ಫೋನು ಒಂಚೂರು ಕಾಯುತ್ತೆ. ಬಹಳ ಹೊತ್ತು ಕಾಯೋಲ್ಲ. ಇರೋರನ್ನ ಇಟ್ಟುಕೊಂಡು ಮುಂದೆ ಹೋಗುತ್ತೆ."

"ಆಮ್ಯಾಕೆ ಬಂದ್ರೆ?"

"ಆಮೇಲೆ ಬಂದರೆ ಏನು ಪ್ರಯೋಜನ? ತಡವಾಗಿ ಬಂದ ತುಂಡನ್ನ ಎಸೆದುಬಿಡುತ್ತೆ."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿದಳು. ನಾನೋ, ಪಾಠದ ಅಮಲಿನಲ್ಲಿ ಮುಂದಿನ ಪುಟ ತಿರುಗಿಸಿ ರಿಂಗಿನ ಗುಟ್ಟನ್ನೂ ಹೇಳಿದೆ. ಅದನ್ನು ಮಾತ್ರ ಅವಳು ಎರಡು ಸಲ ಕೇಳಿ ತಿಳಿದುಕೊಂಡಳು. "ಅಂಗಾರೆ ಅಲ್ಲಿ ಎಷ್ಟು ಒಡೀತು ಅಂತ ಇಲ್ಲಿರೋರ್ಗೆ ಗೊತ್ತಾಗಕಿಲ್ಲ. ಇಲ್ಲಿ ಎಷ್ಟು ಒಡೀತು ಅಂತ ಅಲ್ಲಿರೋರ್ಗೆ ಗೊತ್ತಾಗಕಿಲ್ಲ. ಅಲ್ವಾ?" ಎಂದಳು. ಎಪ್ಪತ್ತು ದಾಟಿದ ವಿದ್ಯಾರ್ಥಿನಿಯ ಬುದ್ಧಿಗೆ ನಾನು ಬೀಗಿಹೋದೆ.

ಇದಾಗಿ ಹತ್ತು ದಿನಕ್ಕೆ ಒಂದು ಭಾನುವಾರ. ಅವರೆಕಾಯಿಯ ಕಾಲ. ಅಮ್ಮ ಬೆಳಗಿನಿಂದ ಒಂದು ರಾಶಿ ಅವರೆ ಹಿತಕಿಕೊಂಡು ಕೂತಿದ್ದಳು. ಮೂರು ಜನರ ಮನೆಗೆ ಇಷ್ಟೊಂದು ಬೇಳೆ ಯಾಕಮ್ಮ ಅಂದರೆ, "ಕಾಯಿ ಸೊಗಡಾಗೈತೆ, ಬಿಡೋಕಾಯ್ತದಾ" ಅಂದಳು. ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಒಳಗಿಂದ ಕೂಗು.

"ಸುಜೀ! ಐದು ಒಡೀತು ಕಣೇ! ಮುನೆಪ್ಪ ಐದು ಒಡ್ದ!"

ನನ್ನ ಕೈಯಿಂದ ಒದ್ದೆ ಬಟ್ಟೆ ಮಣ್ಣಿಗೆ ಬಿತ್ತು. ಬೆನ್ನಿಗೂ ಹಳೆಯದೆಲ್ಲ ನೆನಪಾಯಿತು. ಆದರೂ ಓದಿಕೊಂಡವಳಲ್ಲವೇ, ತಾಳ್ಮೆ ತಂದುಕೊಂಡು, "ಅಮ್ಮ, ಅವನು ಒಂದೇ ಕೊಟ್ಟಿರಬಹುದು, ಇಲ್ಲಿ ಐದು ಬಡಿದಿರುತ್ತೆ" ಅಂದೆ.

"ಅವ್ನು ಅತ್ತು ರಿಂಗು ಕೊಟ್ಟು ಇಲ್ಲಿ ಐದು ಬಡಿದಿದ್ರೆ?"

ಈ ಪ್ರಶ್ನೆಗೆ ನೋಟ್‌ಬುಕ್ಕಿನಲ್ಲಿ ಉತ್ತರವಿರಲಿಲ್ಲ. ಕೇಳಿಯೇಬಿಡೋಣವೆಂದು ನನ್ನ ಫೋನಿನಿಂದ ಅತ್ತೆಯ ಫೋನಿಗೆ ಇಂಟರ್‌ನೆಟ್ಟಿನ ಕರೆ ಹಚ್ಚಿದೆ. ಎತ್ತಲಿಲ್ಲ. ಬಡಿಯಲು ಬಿಟ್ಟೆ. ಎತ್ತಲೇ ಇಲ್ಲ. ಯಾಕೆ ಎತ್ತಲಿಲ್ಲ ಎಂದು ನೀವು ಊಹಿಸಿದ್ದೀರಿ. ನನಗೆ ಮಾತ್ರ ಹೊಳೆಯಲಿಲ್ಲ. ಇದು ನಮ್ಮ ವಂಶ. ಅಲ್ಲಿ ಮಾವ ಎಣಿಸುತ್ತಿದ್ದ.

ಹೊರಡೋಣ ಎಂದರೆ ಅಮ್ಮನಿಗೆ ಬಸ್ಸು ಆಗದು, ರೈಲೇ ಆಗಬೇಕು. ಅದಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಅಷ್ಟರಲ್ಲಿ ಅವಳು ಹಿತಕಿದ ಬೇಳೆಯ ಸಾರನ್ನೂ ಮುದ್ದೆಯನ್ನೂ ನಾಲ್ಕು ಡಬ್ಬಿಯ ಕ್ಯಾರಿಯರಿಗೆ ತುಂಬಿ, ಮೇಲೊಂದು ಸೌಟು ಸಿಕ್ಕಿಸಿಕೊಂಡಳು. ಏನೋ ಆಗಬಾರದ್ದು ಆಗಿದೆ ಎಂದು ಓಡುವವರು ಸಾರಿಗೆ ಒಗ್ಗರಣೆ ಹಾಕಿಕೊಂಡು ಓಡುತ್ತಾರೆಯೇ? ಅದೂ ನನಗೆ ಹೊಳೆಯಲಿಲ್ಲ. ನಾನು ದಾರಿಯುದ್ದಕ್ಕೂ ಅಳುತ್ತಾ ಹೋದೆ, ಅವಳು ಸಾರು ಚೆಲ್ಲದಂತೆ ನಡೆದಳು.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಮ್ಮ ರೈಲಿಗೆ ಮುಂಚೆ ಕೆ.ಜಿ.ಎಫ್ ಕಡೆಯಿಂದ ಒಂದು ರೈಲು ಬಂತು. ಅದರಿಂದ ಮೊದಲು ಇಳಿದದ್ದು ಒಂದು ಛತ್ರಿ, ಅದರ ಹಿಂದೆ ಮುನೆಪ್ಪ ಮಾವ, ಅವನ ಹಿಂದೆ ಚಪ್ಪಲಿ ಅದಲುಬದಲು ಮೆಟ್ಟಿಕೊಂಡ ಕಣ್ಣಮ್ಮತ್ತೆ. ಮಾವನ ಬಲಗೈಯಲ್ಲಿ ಇನ್ನೂ ಅನ್ನದ ಅಗುಳು ಒಣಗಿ ಅಂಟಿತ್ತು.

ಅಕ್ಕ ತಮ್ಮ ಎದುರೆದುರು ನಿಂತರು. ಹನ್ನೊಂದು ವರ್ಷ. ಇಬ್ಬರೂ ಒಟ್ಟಿಗೇ ಬಾಯಿಬಿಟ್ಟರು.

"ಯಾರ್ಗೇನಾಯ್ತು?"

ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿಕೊಂಡರು.

"ನಂಗೇನಾಗೈತೆ? ಗುಂಡುಕಲ್ಲಂಗಿವ್ನಿ" ಅಂದ ಮಾವ. "ನಿಮ್ಮನೇಲಿ ಏನಾಯ್ತು? ಒಂಬತ್ತು ಒಡ್ದವ್ರೆ! ಐದಕ್ಕೆ ಓಡಿ ಬಾ. ಒಂಬತ್ತು ಅಂದ್ರೆ ಇನ್ನೇನು ಮಿಕ್ಕಿರ್ತದೆ? ಅರ್ಧ ಊಟಕ್ಕೆ ಎದ್ದು ಬಂದಿವ್ನಿ."

"ಐದು ಒಡ್ದೋನು ನೀನು ಕಣ್ಲಾ."

"ಏಳು ಗಂಟೆಗೆ ಮುಂಚೆ ನಾನ್ಯಾವತ್ತಕ್ಕಾ ಒಡ್ದಿವ್ನಿ?"

"ಒಡ್ದೆ."

"ಒಡ್ದಿಲ್ಲ."

ಜನ ನಿಂತು ನೋಡತೊಡಗಿದರು. ಕಣ್ಣಮ್ಮತ್ತೆ ನನ್ನ ಕಡೆ ತಿರುಗಿ, "ಎನ್ನಮ್ಮಾ ಇದು? ಧಾರಾವಾಹಿ ನೋಡೋವಾಗ ಕೈ ತಗಲಿ ಹೋಯ್ತೋ ಏನೋ" ಅಂದರು. ಆ ಎಳೆ ಸಿಕ್ಕಿದ್ದೇ ತಡ, ನಾನು ಪ್ಲಾಟ್‌ಫಾರಂ ಮೇಲೆ ಇಡೀ ಪಾಠ ಒಪ್ಪಿಸಿದೆ. ತಪ್ಪು ಯಾರದೂ ಅಲ್ಲ, ಇಂಟರ್‌ನೆಟ್ಟಿನದು. ಅಲ್ಲಿ ಕೇಳುವುದೇ ಬೇರೆ, ಇಲ್ಲಿ ಬಡಿಯುವುದೇ ಬೇರೆ. ಒಂಬತ್ತು ಹೊಡೆದ ಪಾಪಿ ನಾನೇ. ಮಾವ ಪೂರ್ತಿ ಕೇಳಿ, "ಒಡ್ದಷ್ಟು ತಿರುಗಿ ಬರಾಕಿಲ್ಲ ಅಂದ್ರೆ ಅದ್ಯಾವ ಸೀಮೆ ಬೆಲ್ಲಮ್ಮ? ಅದ್ರಾಗೆ ಕೇಜು ಇಳ್ಸಿದ್ರೆ ಒಬ್ಬನೂ ಉಳ್ಯಾಕಿಲ್ಲ" ಎಂದು ಇಂಟರ್‌ನೆಟ್ಟನ್ನು ಕಡೆಗಣ್ಣಲ್ಲಿ ತಿರಸ್ಕರಿಸಿದ.

ಅಮ್ಮ ಅಷ್ಟರಲ್ಲಿ ಬೆಂಚಿನ ಮೇಲೆ ಕ್ಯಾರಿಯರ್ ಬಿಚ್ಚಿದ್ದಳು. ಮುಚ್ಚಳದಲ್ಲಿ ಮುದ್ದೆ ಇಟ್ಟು, ಸಾರು ಬಿಟ್ಟು, ಅವನ ಮುಖ ನೋಡದೆ ಚಾಚಿದಳು.

"ಅರ್ಧ ಊಟಕ್ಕೆ ಎದ್ದು ಬಂದೆ ಅಂದೆಲ್ಲ. ಉಣ್ಣು."

ಮಾವ ನಲ್ಲಿಯಲ್ಲಿ ಕೈ ತೊಳೆದು ಬಂದು ಉಂಡ. ಬೇಳೆ ಹುಡುಕಿ ಹುಡುಕಿ ಉಂಡ. ಎರಡನೇ ಸೌಟಿಗೆ ಅವನ ಕಣ್ಣಲ್ಲಿ ನೀರಿತ್ತು, ಖಾರ ಅಂದ. ಖಾರವಿರಲಿಲ್ಲ. ನನಗೂ ಅಳು ಬಂದು, ನಾನೂ ಖಾರ ಅಂದೆ. ನಾನಿನ್ನೂ ಉಂಡಿರಲೇ ಇಲ್ಲ.

"ಮಗಿ ಎಂಗೈತೆ?" ಎಂದು ಮುಚ್ಚಳವನ್ನು ಕೇಳಿದ.

"ಬೆಳ್ದವ್ಳೆ. ಕಿವಿಗೆ ಇನ್ನೊಂದು ಜೊತೆ ತೂತು ಬೇಕಂತೆ, ಈಗ ಅದೇ ಪ್ಯಾಷನ್ನಂತೆ" ಅಂದಳು ಅಮ್ಮ. ಮಗಳು ಆರು ತಿಂಗಳಿಂದ ಬೇಡಿದರೂ ಕೂಡದೆಂದು ಹಟ ಹಿಡಿದಿದ್ದವಳು ಇವಳೇ. "ತೊಡೆ ಐತಾ, ಇಲ್ವಾ?"

ಮಾವ ತನ್ನ ಮಂಡಿಯನ್ನು ಒಮ್ಮೆ ಒತ್ತಿ ನೋಡಿಕೊಂಡ. "ಅದ್ಮೂರು ವರ್ಷದ ಉಡುಗಿನ ಈ ಮಂಡಿ ತಡೀತದಾ ಅಕ್ಕಾ? ಪಕ್ಕ ಕುಂತ್ಕೊಂಡ್ರೆ ನಡ್ಯಾಕಿಲ್ವಾ?"

"ನಡ್ಯಾಕಿಲ್ಲ. ತೊಡೆ ಮೇಲೇ."

"ಅಂಗಾರೆ ಆ ಪಂಚೆನೇ ಉಟ್ಕೊಂಡು ಬತ್ತೀನಿ" ಅಂದ ಮಾವ. ಯಾವ ಪಂಚೆ ಎಂದು ಯಾರೂ ಕೇಳಲಿಲ್ಲ.

ಮನೆಗೆ ಬಂದು, ಇನ್ನೊಂದು ಸುತ್ತು ಉಂಡು, ರೈಲಿಗೆ ಹೊತ್ತಾಯಿತೆಂದು ಮಾವ ಅತ್ತೆ ಇಬ್ಬರೂ ಹೊರಟರು. ಅವರನ್ನು ಕಳಿಸಿ ಬಂದು ನಾನು ಸುಮ್ಮನಿರಬೇಕಿತ್ತು. ವಿದ್ಯೆ ಸುಮ್ಮನಿರಗೊಡುವುದಿಲ್ಲ. ಅತ್ತೆಯ ಕೈ ತಗಲಿ ಬಂದ ಆ ಕರೆ ಎಷ್ಟು ಹೊತ್ತಿಗೆ ಬಂತೆಂದು ನೋಡೋಣವೆಂದು ಅಮ್ಮನ ಫೋನಿನಲ್ಲಿ ಕರೆಗಳ ಪಟ್ಟಿ ತೆಗೆದೆ. ಹಿಂದಿನ ಸಂಜೆ ಏಳಕ್ಕೆ ಒಂದು ಕರೆಯಿತ್ತು. ಅದರ ಹಿಂದಿನ ಸಂಜೆ ಏಳಕ್ಕೆ ಒಂದು. ಆ ದಿನ ಮಧ್ಯಾಹ್ನ ಯಾರ ಕರೆಯೂ ಬಂದಿರಲಿಲ್ಲ.

ಇನ್ನೊಮ್ಮೆ ನೋಡಿದೆ. ಮೇಲೆ ಕೆಳಗೆ ಸರಿಸಿದೆ. ಅಮ್ಮ ಖಾಲಿ ಕ್ಯಾರಿಯರ್ ತೊಳೆಯುತ್ತಿದ್ದಳು.

"ಅಮ್ಮ, ಐದು ಹೊಡೆದದ್ದು ಯಾರು?"

ಅವಳು ತಿರುಗಿ ನೋಡಲಿಲ್ಲ. "ಯಾರು ಎಷ್ಟು ಒಡ್ದ್ರು ಅಂತ ಈಗ ಯಾರ್ಗೂ ಗೊತ್ತಾಗಕಿಲ್ಲ ಅಂತ ನೀನೇ ತಾನೆ ಪಾಠ ಮಾಡಿದ್ದು? ನಾನೇ ಕರ್ದೆ ಅಂತ ಅವ್ನು ಅನ್ನಂಗಿಲ್ಲ, ಅವ್ನೇ ಬಂದ ಅಂತ ನಾನು ಅನ್ನಂಗಿಲ್ಲ. ಒಳ್ಳೇ ಫೋನು ಕಣಮ್ಮ ಇದು."

ಹನ್ನೊಂದು ವರ್ಷ ಹೊಳೆಯದ್ದು ಈಗ ಹೇಗೆ ಹೊಳೆಯಿತು ಎಂದು ಕೇಳಿದೆ. ಅಮ್ಮ ಕೊನೆಯ ಡಬ್ಬಿಯನ್ನು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು.

"ತಡವಾಗಿ ಬಂದಿದ್ದನ್ನ ಎಸೆದುಬಿಡ್ತದೆ ಅಂದೆಯಲ್ಲೇ. ಎಸೆಯೋಕೆ ನಾನೇನು ಫೋನಾ?"